ಗೋದಲಿ ಇಟ್ಟಂಗಿ

ಅವ್ವ ಹೋಗಿ ವರ್ಷವಾಯಿತು, ಗೋಡೆಗಳು ಬಣ್ಣ ಕಂಡು ಅದಕ್ಕಿಂತ ಎಷ್ಟೋ ಹೆಚ್ಚು ವರ್ಷವಾಯಿತು ಎಂದು ಹೆಂಡತಿ ಬೆನ್ನು ಹತ್ತಿದ್ದಕ್ಕೆ ಬೈಲಹೊಂಗಲದ ಪೇಟೆಯಿಂದ ಒಬ್ಬ ಬಣ್ಣದವನನ್ನು ಕರೆಸಿದ್ದೆ. ಪಡಸಾಲೆಯಿಂದ ಅಡುಗೆಮನೆಗೆ ತಿರುಗುವ ಮೂಲೆಗೆ ಬಂದವನು ಉಜ್ಜುವುದನ್ನು ನಿಲ್ಲಿಸಿ ನನ್ನನ್ನು ಕೂಗಿದ.

“ಸರ, ಇಲ್ಲಿ ನೋಡ್ರಿ. ಮ್ಯಾಲಿಂದ ಕೆಳಗಿನ ತನಕ ಮೂಲಿ ಚೂಪ ಐತಿ, ನಡುವ ಇಲ್ಲಿ ಒಂದ ಗೇಣು ಸವದು ಹೋಗೇತಿ. ಪುಟ್ಟಿ ತುಂಬಿ ಗೆರಿ ಕೊರದಂಗ ಮಾಡ್ಲೇನ್ರಿ?”

“ಮೊದಲ ಚಹಾ ಕುಡಿ, ಆಮ್ಯಾಲ ಹೇಳತೀನಿ” ಎಂದೆ.

ಅವನು ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಿಂದ ಮನೆಯ ಉಳಿದ ಮೂಲೆಗಳನ್ನು ಸವರುತ್ತ ಹೋದ. “ಇವೆಲ್ಲಾ ದುಂಡಗ ಅದಾವ. ಇದು ದೊಡವಾಡದ ಇಟ್ಟಂಗಿ ಕಾಕಾನ ಕೈ ಅಲ್ರಿ?” ಎಂದ. ಹೌದೆಂದೆ. “ಹೋದ ತಿಂಗಳ ತೀರಿಕೊಂಡ್ರಲ್ರಿ. ನಿಮಗ ಗೊತ್ತಾಗಲಿಲ್ಲೇನು?”

ಗೊತ್ತಾಗಿರಲಿಲ್ಲ. ಕಣ್ಣೆದುರಿಗೆ ಇದ್ದದ್ದು ನನಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ. ಕಾಕಾನ ವಿಷಯ ಬರೆಯುವುದೆಂದರೆ ನನ್ನ ಈ ರೋಗದ ವಿಷಯವನ್ನೂ ಬರೆದಂತೆಯೇ.

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. “ಮೊದಲು ನೋಡು, ಆಮೇಲೆ ಬರಿ” ಎಂದು ಮಕ್ಕಳ ಕಿವಿ ಹಿಂಡುತ್ತ ಬಂದವನು. ಗೆರೆ ಸೊಟ್ಟಗಾದರೆ ನನಗೆ ಊಟ ಸೇರುತ್ತಿರಲಿಲ್ಲ. ಅಂಥ ನನಗೆ ಕಾಕಾ ಸಿಕ್ಕಿದ್ದು ನಮ್ಮ ಶಾಲೆಯ ಕಂಪೌಂಡ್ ಗೋಡೆ ಕಟ್ಟಿಸುವಾಗ, ತೊಂಬತ್ತರ ದಶಕದ ನಡುವಿನಲ್ಲಿ. ಗೋಡೆ ಕಟ್ಟುವ ಗೌಂಡಿ ಕೆಲಸದವರು. ದೊಡವಾಡದಿಂದ ಮುಂಜಾನೆಯ ಬಸ್ಸಿಗೆ ಬರುತ್ತಿದ್ದರು. ಬಿಳಿ ಟೊಪ್ಪಿಗೆ, ಮೊಣಕಾಲಿನ ತನಕ ಏರಿಸಿದ ಧೋತರ, ಹೆಗಲಿಗೆ ಗೋಣಿತಟ್ಟಿನ ಚೀಲ. ಬೇರೆ ಗೌಂಡಿಗಳ ಚೀಲದಲ್ಲಿ ಕರಣಿ, ತೂಗುಗುಂಡು, ದಾರ ಇರುತ್ತಿದ್ದವು. ಕಾಕಾನ ಚೀಲದಲ್ಲಿ ಅವುಗಳ ಜೊತೆಗೆ ಆರು ಇಟ್ಟಂಗಿ ಇರುತ್ತಿದ್ದವು, ಒಂದರಂತೆ ಇನ್ನೊಂದಿಲ್ಲ. “ಕಾಕಾ, ಇವಕ್ಕೂ ತಿಕೀಟ ತಗೋಬೇಕಾಗತೈತಿ” ಎಂದು ಕಂಡಕ್ಟರ್ ದಿನಾ ಕಾಡುತ್ತಿದ್ದನಂತೆ.

ಮೊದಲ ದಿನ ಆ ಆರನ್ನೂ ಹೆಡ್‌ಮಾಸ್ತರರ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲೇ ಸಾಲಾಗಿ ಇಟ್ಟರು. ಕೆಂಪು ಪುಡಿ ಪುಸ್ತಕಕ್ಕೆಲ್ಲ ಹತ್ತಿತು. ಹೆಡ್‌ಮಾಸ್ತರರು ಮುಖ ಗಂಟು ಹಾಕಿದರೂ ಕಾಕಾ ಲಕ್ಷ್ಯ ಕೊಡಲಿಲ್ಲ.

“ಸರ, ಈ ಗ್ವಾಡಿಗೆ ಯಾರ ಮೈ ತಾಗತೈತ್ರಿ?”

“ಯಾರದೂ ತಾಗಬಾರದು ಅಂತನ ಕಟ್ಟಸಾಕತ್ತೇವಿ. ಮ್ಯಾಲ ಚೂಪ ಮಾಡ್ರಿ, ಹುಡುಗರು ಹತ್ತಿ ಕುಂದರಬಾರದು.”

“ಸಾಲಿ ಗ್ವಾಡಿ ಅಂದಮ್ಯಾಲ ಹುಡುಗ್ರು ಕುಂದರವರರಿ. ನೀವು ಬಡದ್ರೂ ಕುಂದರವರ. ಕುಂತವರ ಚೊಣ್ಣ ಹರೀಬಾರದು, ಅಷ್ಟ ನೋಡೂಣು.”

ಹೆಡ್‌ಮಾಸ್ತರರ ಪಕ್ಕದಲ್ಲಿ ನಿಂತಿದ್ದ ನಾನು ನಗು ತಡೆಯಲಾರದೆ ಹೊರಗೆ ಬಂದೆ. ಕೊನೆಗೆ ಗೋಡೆಯ ನೆತ್ತಿಗೆ ಅಂಚು ದುಂಡಗಿದ್ದ ಇಟ್ಟಂಗಿ ಬಂದವು. ನೀರು ಹರಿಯುವಷ್ಟು ಹೊರಕ್ಕೆ ವಾಟ, ಹುಡುಗರು ಕೂರುವಷ್ಟು ಅಗಲ. ಇವತ್ತಿಗೂ ಅದರ ಮೇಲೆ ಹುಡುಗರು ಸಾಲಾಗಿ ಕೂರುತ್ತಾರೆ. ಗೋಡೆ ಮುಗಿದ ಮೇಲೆ ಫಲಕದಲ್ಲಿ ಕಾಕಾನ ಹೆಸರನ್ನೂ ಕೆತ್ತಿಸೋಣ ಎಂದು ನಾನೇ ಸೂಚಿಸಿದ್ದೆ. “ಭಟ್ಟ್ಯಾಗ ಇಟ್ಟಂಗಿ ಬಡದ ಹೆಣಮಕ್ಕಳ ಹೆಸರ ಕೆತ್ತತೀರೇನು? ಇಲ್ಲಲ್ಲ. ಹಂಗಾರ ನಂದೂ ಬ್ಯಾಡ್ರಿ” ಎಂದುಬಿಟ್ಟರು. ಆ ಮಾತಿಗೆ ಮರ್ಯಾದೆ ಕೊಟ್ಟು ಇಲ್ಲಿಯೂ ಹೆಸರು ಬರೆದಿಲ್ಲ.

ಯಾರ ಮೈ ತಾಗತೈತಿ ಎಂಬ ಆ ಪ್ರಶ್ನೆಯಿಲ್ಲದೆ ಕಾಕಾ ಕೆಲಸ ಹಿಡಿಯುತ್ತಿರಲಿಲ್ಲ. ರಾಮದುರ್ಗದಲ್ಲಿ ನೇಕಾರರೊಬ್ಬರ ಮನೆಯಲ್ಲಿ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ಕಟ್ಟಿಕೊಡುವಾಗ, ನೇಕಾರನನ್ನು ಕುಣಿಯ ದಂಡೆಯಲ್ಲಿ ಕೂರಿಸಿ ತೊಡೆ ಎಲ್ಲಿ ಒತ್ತುತ್ತದೆ ಎಂದು ನೋಡಿ, ಅಲ್ಲಿಗೆ ಬೇರೆ ಅಚ್ಚಿನ ಇಟ್ಟಂಗಿ ಮಾಡಿಸಿ ಹಾಕಿದ್ದರಂತೆ. ನೇಸರಗಿ ಹತ್ತಿರ ಬಾವಿ ಕಟ್ಟುವಾಗ ನಾನು ಒಮ್ಮೆ ನೋಡಲು ಹೋಗಿದ್ದೆ. ಹಿಂದೆ ಅಗಲ, ಮುಂದೆ ಸಣ್ಣ ಇದ್ದ ಇಟ್ಟಂಗಿಗಳು ಸುತ್ತಲೂ ಬಳೆಯ ಹಾಗೆ ಕೂತಿದ್ದವು. “ಇಲ್ಲಿ ಯಾರ ಮೈ ಕಾಕಾ?” ಎಂದು ಮೇಲಿನಿಂದ ಚೇಷ್ಟೆಗೆ ಕೂಗಿದೆ. “ಭೂಮೀದರಿ!” ಎಂದು ಒಳಗಿನಿಂದ ಉತ್ತರ ಬಂತು. “ಮಣ್ಣ ಹೊರಗಿಂದ ನೂಕತೈತಿ. ನೂಕಿದಷ್ಟೂ ಇವು ಒಂದಕ್ಕೊಂದು ಬಿಗಿ ಆಗತಾವ. ನೆಟ್ಟನ ಇಟ್ಟಂಗಿ ಇಟ್ರ ಸಂದಿಗೆ ಬರೇ ಗಾರಿ ತುಂಬಿ ಸಾಯಬೇಕು!”

ಇಟ್ಟಂಗಿಯನ್ನು ಕರಣಿಯಿಂದ ಕಡಿದು ಕೂರಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸುಟ್ಟ ಇಟ್ಟಂಗಿಯ ಮೈಮೇಲೆ ಒಂದು ಗಟ್ಟಿ ತೊಗಲು ಇರುತ್ತದೆ, ಕಡಿದರೆ ಅದು ಹೋಗಿ ನೀರು ಕುಡಿಯತೊಡಗುತ್ತದೆ, ಆಕಾರ ಬೇಕಿದ್ದರೆ ಹಸಿ ಮಣ್ಣಿನಲ್ಲೇ ಕೊಡಬೇಕು ಎನ್ನುವುದು ಅವರ ವಾದ. ಅದಕ್ಕೇ ಸಾಗವಾನಿಯ ತುಂಡಿನಲ್ಲಿ ತಾವೇ ಅಚ್ಚು ಕೆತ್ತಿ ಭಟ್ಟಿಗೆ ಒಯ್ಯುತ್ತಿದ್ದರು. ಇಂಥ ಸೊಟ್ಟ ಇಟ್ಟಂಗಿ ಹೊಂದಿಸಿ ಸುಡುವುದು ಕಷ್ಟ ಎಂದು ಭಟ್ಟಿಯ ಮಾಲೀಕ ಗೊಣಗುತ್ತಿದ್ದ. ಕಾಕಾ ಅವನ ಜೊತೆ ಜಗಳಕ್ಕೆ ನಿಲ್ಲದೆ ನೇರವಾಗಿ ಇಟ್ಟಂಗಿ ಬಡಿಯುವ ಹೆಣ್ಣುಮಕ್ಕಳ ಹತ್ತಿರ ಹೋಗಿ ಕುಳಿತು, ಚೀಲದಿಂದ ಚುರುಮುರಿ ತೆಗೆದು ಹಂಚಿ ಕೆಲಸ ಮಾಡಿಸಿಕೊಂಡು ಬರುತ್ತಿದ್ದರು. ಸುಟ್ಟು ಬಂದ ಮೇಲೆ ಎರಡೆರಡನ್ನು ಕಿವಿಯ ಹತ್ತಿರ ಹಿಡಿದು ಬಡಿಯುವುದು. ಸದ್ದು ಮಂದವಾದರೆ ಪಕ್ಕಕ್ಕೆ.

ಅವರ ಚೀಲದ ಆರು ಇಟ್ಟಂಗಿಗಳಲ್ಲಿ ಒಂದರ ಹೆಸರು ಗೋದಲಿ ಇಟ್ಟಂಗಿ. ಒಂದು ತುದಿ ಪೂರ್ತಿ ದುಂಡಗೆ. ದನಗಳಿಗೆ ಮೇವು ಹಾಕುವ ಗೋದಲಿಯ ಅಂಚಿಗೆ, ಕೊಟ್ಟಿಗೆಯ ಬಾಗಿಲ ಮೂಲೆಗೆ ಅದನ್ನು ಹಾಕುವುದು, ಎತ್ತಿನ ಕೊರಳು, ಪಕ್ಕೆ ತರಚಬಾರದು ಎಂದು. ಎತ್ತು ಕಟ್ಟುವ ಮನೆಯವರಿಗೆಲ್ಲ ಅದರ ಗುರುತು ಇರುತ್ತದೆ. ನಾನು ಸಿಟ್ಟಿಗೆದ್ದದ್ದು ಇದೇ ಇಟ್ಟಂಗಿಯ ಸಲುವಾಗಿ.

ಕಂಪೌಂಡ್ ಆದ ಎರಡು ವರ್ಷಕ್ಕೆ ನಾನು ಮನೆ ಕಟ್ಟಿಸಲು ಹೊರಟೆ. ನಕಾಶೆ ನನ್ನದೇ. ಆ ನಕಾಶೆಯಲ್ಲಿ ಒಂದು ಗೆರೆ ಬಾಗಿರಲಿಲ್ಲ. ಮೂಲೆಗಳು ಚಾಕುವಿನಿಂದ ಕೊಯ್ದ ಹಾಗೆ ಬರಬೇಕು ಎಂದು ಕಾಕಾನಿಗೆ ಹತ್ತು ಸಲ ಹೇಳಿದ್ದೆ.

ನನಗೆ ಆಮೇಲೆ ತಿಳಿದ ಸಂಗತಿಯನ್ನು ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಆ ಹೊತ್ತಿಗೆ ನಮ್ಮ ಅವ್ವನ ಕಣ್ಣು ಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ನಾವಿದ್ದ ಬಾಡಿಗೆ ಮನೆಯಲ್ಲಿ ಇಪ್ಪತ್ತು ವರ್ಷ ಓಡಾಡಿದ್ದಳು, ಅಲ್ಲಿ ಅವಳಿಗೆ ಕಣ್ಣಿನ ಅಗತ್ಯ ಬೀಳುತ್ತಿರಲಿಲ್ಲ. ರೊಟ್ಟಿ ಬಡಿಯುವುದು ಅವಳೇ, ಒಲೆ ಹೊತ್ತಿಸುವುದು ಅವಳೇ. ಮುರಗೋಡದಲ್ಲಿದ್ದ ಅವಳ ಅಕ್ಕನಿಗೆ ಹೀಗೇ ಕಣ್ಣು ಹೋದಾಗ ಮನೆಯವರು ಪ್ರೀತಿಯಿಂದಲೇ ಅವಳನ್ನು ಒಂದು ಹೊರಸಿನ ಮೇಲೆ ಕೂರಿಸಿ, ಕೈಗೆ ಕೋಲು ಕೊಟ್ಟು, ಹೊತ್ತುಹೊತ್ತಿಗೆ ತಾಟು ತಂದಿಡತೊಡಗಿದ್ದರು. ಬೆಂಕಿಯ ಹತ್ತಿರ ಹೋಗಬೇಡ, ಬಾವಿಯ ಹತ್ತಿರ ಹೋಗಬೇಡ. ಆ ದೊಡ್ಡವ್ವ ಎರಡು ವರ್ಷದಲ್ಲಿ ಮಾತನ್ನೇ ಬಿಟ್ಟಳು. “ಕುಂತಲ್ಲೆ ತಾಟ ಬಂತಂದ್ರ ಮನಶ್ಯಾ ಮುಗದಂಗ” ಎಂದು ಅವ್ವ ಅಂದದ್ದನ್ನು ನಾನೂ ಕೇಳಿದ್ದೆ. ಯಾಕೆ ಅಂದಳು ಎಂದು ಕೇಳಲಿಲ್ಲ. ಈಗ ಹೊಸ ಮನೆಗೆ ಹೋದರೆ ಅವಳ ಗುಟ್ಟು ಮೊದಲ ದಿನವೇ ರಟ್ಟಾಗುತ್ತಿತ್ತು.

ಕಾಕಾ ಅದನ್ನು ಹಿಡಿದದ್ದು ಚಹಾದಿಂದ. ಪಾಯ ತುಂಬುವಾಗ ಅವ್ವ ಕಿಟ್ಲಿ ತೆಗೆದುಕೊಂಡು ಹೋಗಿ ಎಲ್ಲರಿಗೂ ಚಹಾ ಹಾಕಿಕೊಟ್ಟಳು. ಲೋಟದ ಒಳಗಂಚಿಗೆ ತೋರುಬೆರಳು ಇಟ್ಟು, ಚಹಾ ಬೆರಳಿಗೆ ತಾಗಿದ ಕೂಡಲೇ ನಿಲ್ಲಿಸುತ್ತಿದ್ದಳಂತೆ. ನಾನೂ ಅಲ್ಲೇ ಇದ್ದೆ. ಆ ಚಹಾ ಕುಡಿದೆ. ಸಕ್ಕರೆ ಕಡಿಮೆಯಾಗಿದೆ ಎಂದು ಬೇರೆ ಅಂದೆ.

ಅಂದಿನಿಂದ ಅವ್ವ ಮಧ್ಯಾಹ್ನವೆಲ್ಲ ಕಟ್ಟಡದ ಹತ್ತಿರವೇ. “ಗೌಂಡಿ ಮ್ಯಾಲ ಕಣ್ಣ ಇಡಬೇಕೋ ತಮ್ಮಾ, ನೀ ಸಾಲಿಗೆ ಹೋಗು” ಎನ್ನುತ್ತಿದ್ದಳು. ನನಗೆ ಎಂಥ ಹೆಮ್ಮೆ! ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಬಂದೆ. ಒಂದು ದಿನ ಬೇಗ ಹೋಗಿ ನೋಡಿದರೆ ಕಾಕಾ ಅವ್ವನಿಗೆ, “ಅವ್ವಾರ, ನಡಕೋತ ಬಂದಂಗ ಬಂದು ಗ್ವಾಡಿಗೆ ಕೈ ಇಡ್ರಿ” ಎನ್ನುತ್ತಿದ್ದರು. ಅವ್ವ ಇಟ್ಟಳು. ಅಂಗೈ ತಾಗಿದ ಕಡೆ ಕಾಕಾ ಸುಣ್ಣದ ಗುರುತು ಹಾಕಿದರು. ಹಿರಿಯರ ಕೈ ಹಚ್ಚಿಸಿ ಗೋಡೆ ಏರಿಸುವ ಪದ್ಧತಿ ಇರಬೇಕೆಂದು ತಿಳಿದು ನಾನು ಓಡಿಹೋಗಿ ಅಂಗಡಿಯಿಂದ ಅರಿಶಿನ, ಕುಂಕುಮ, ತೆಂಗಿನಕಾಯಿ ತಂದೆ. ಕಾಕಾ ಒಂದು ಸಲ ಅವ್ವನ ಮುಖ ನೋಡಿ, ತುಟಿ ಬಿಗಿಹಿಡಿದು, ಗುರುತಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ನಾನು ಕೈಮುಗಿದೆ. ಅವ್ವನೂ ಮುಗಿದಳು, ಸೆರಗಿನೊಳಗೆ ನಗುತ್ತ.

ಆ ಗುರುತಿನ ಎತ್ತರಕ್ಕೆ ಒಂದು ಸಾಲು ಇಟ್ಟಂಗಿ ಅರ್ಧ ಬೆರಳಿನಷ್ಟು ಹೊರಬಂದವು. ಅವ್ವನ ಕೋಣೆಯಿಂದ ಹೊರಟು, ಪಡಸಾಲೆ ಹಾಯ್ದು, ಅಡುಗೆಮನೆ ಮುಟ್ಟಿ, ಹಿತ್ತಲ ಬಾಗಿಲಿನ ತನಕ. ನಾನು ಅದನ್ನು ಅಲಂಕಾರದ ಪಟ್ಟಿ ಎಂದುಕೊಂಡೆ, ನೋಡಲು ಬಂದವರಿಗೆ ನನ್ನದೇ ಕಲ್ಪನೆ ಎಂದು ಸುಳ್ಳನ್ನೂ ಹೇಳಿದೆ.

ಆದರೆ ಮೂಲೆಗಳು ಕಣ್ಣಿಗೆ ಬಿದ್ದಾಗ ನನ್ನ ರಕ್ತ ಕುದಿಯಿತು. ಮೂಲೆಮೂಲೆಗೂ ಗೋದಲಿ ಇಟ್ಟಂಗಿ! ಅದೇ ವೇಳೆಗೆ ಬಂದ ನಮ್ಮ ಸಹೋದ್ಯೋಗಿಯೊಬ್ಬರು, “ಏನ್ರಿ ಮಾಸ್ತರ, ಎಷ್ಟ ಎತ್ತ ಕಟ್ಟವ್ರು?” ಎಂದು ಹಲ್ಲು ಕಿರಿದರು. ಅವರು ಹೋದದ್ದೇ ತಡ, ಕಾಕಾನ ಮೇಲೆ ಹರಿಹಾಯ್ದೆ.

“ಇದೇನ ದನದ ಮನಿ ಮಾಡೀರೇನು? ನಾ ಬರದದ್ದು ಕಾಣೂದಿಲ್ಲೇನು ನಿಮಗ?”

“ಕಾಣತೈತ್ರಿ ಸರ. ಆದ್ರ ಇರ್ಲಿ ಬಿಡ್ರಿ, ಮೈಗೆ ಹಿತ ಇರತೈತಿ.”

“ಯಾರ ಮೈಗೆ?”

ಕಾಕಾ ಅವ್ವನ ಕಡೆ ತಿರುಗಿದರು. ಪ್ರಶ್ನೆ ಕೇಳಿಯೇ ಗೊತ್ತಿದ್ದ ಮನುಷ್ಯ ಅಂದು ಉತ್ತರ ಕೊಡಲಾರದೆ ನಿಂತದ್ದನ್ನು ಕಂಡು ನಾನು ಗೆದ್ದೆನೆಂದುಕೊಂಡೆ. ಬೇಕಿದ್ದರೆ ಮೇಲೆ ಬಳಿಯುವ ಗಿಲಾವಿನಲ್ಲಿ ಸ್ವಲ್ಪ ದುಂಡಗೆ ಮಾಡಿರಿ, ಇಟ್ಟಂಗಿ ತೆಗೆಯಿರಿ ಎಂದೆ. ಗಿಲಾವಿನ ದುಂಡು ನಾಲ್ಕು ದಿನಕ್ಕೆ ಉದುರುತ್ತದೆ, ಒಳಗಿನ ಎಲುಬೇ ದುಂಡಗಿರಬೇಕು ಎಂದು ಅವರು ಮೆಲ್ಲಗೆ ಹೇಳಿದರು. ಅವ್ವ ಮಧ್ಯೆ ಬಂದು, “ಇರ್ಲಿ ಬಿಡೋ, ಅಂವಾ ತಿಳದಾಂವ” ಎಂದಳು. ಅವ್ವನ ಮಾತಿಗೆ ಉಳಿದವನ್ನು ಬಿಟ್ಟೆ. ಒಂದನ್ನು ಮಾತ್ರ ಬಿಡಲಿಲ್ಲ. ಬಂದವರ ಕಣ್ಣಿಗೆ ಮೊದಲು ಬೀಳುವುದು ಪಡಸಾಲೆಯಿಂದ ಅಡುಗೆಮನೆಗೆ ತಿರುಗುವ ಮೂಲೆ. ಅದು ನನ್ನ ನಕಾಶೆಯಂತೆಯೇ ಬರಬೇಕು ಎಂದು ಹಟ ಹಿಡಿದೆ. ಕಾಕಾ ಕುಳಿತು ಸುಣ್ಣ ತಂಬಾಕು ತಿಕ್ಕಿದರು. ಆಮೇಲೆ ಎದ್ದು ಆ ಮೂಲೆಯನ್ನು ಬಿಡಿಸಿ ನೆಟ್ಟನೆಯ ಇಟ್ಟಂಗಿ ಇಟ್ಟು ಕಟ್ಟಿದರು. ತೂಗುಗುಂಡು ಇಳಿಬಿಟ್ಟು ತೋರಿಸಿ, “ಇದು ನಿಮ್ಮ ಮೂಲಿರಿ ಸರ” ಎಂದರು. ನಮ್ಮ ಮನೆಯಲ್ಲಿ ಅದಕ್ಕೆ ‘ಮಾಸ್ತರ ಮೂಲಿ’ ಎಂಬ ಹೆಸರೇ ಉಳಿಯಿತು.

ಗೃಹಪ್ರವೇಶದ ದಿನ ಅವ್ವ ಹೊಸ ಮನೆಯಲ್ಲಿ ಹುಟ್ಟಿ ಬೆಳೆದವಳ ಹಾಗೆ ಓಡಾಡಿದಳು. ನಾಲ್ಕು ತಿಂಗಳು ಹಾಗೇ ನಡೆಯಿತು. ಒಂದು ದಿನ ಮುಂಜಾನೆ ಹಾಲು ಉಕ್ಕಿದ ವಾಸನೆ ಬಂದು, ಎರಡೂ ಕೈಯಲ್ಲಿ ನೀರಿನ ಕೊಡ ಹಿಡಿದಿದ್ದವಳು ಗಡಿಬಿಡಿಯಿಂದ ತಿರುಗಿ, ಹಣೆಯನ್ನು ನನ್ನ ಮೂಲೆಗೆ ಬಡಿದುಕೊಂಡಳು. ಕೊಡ ಬಿದ್ದ ಸದ್ದಿಗೆ ನಾನು ಓಡಿಬಂದಾಗ ನೆಲದ ನೀರು ಕೆಂಪಾಗಿತ್ತು. ಹೊಲಿಗೆ ಹಾಕಿದ ಡಾಕ್ಟರು ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿ, “ಇವರಿಗೆ ಎಷ್ಟು ವರ್ಷದಿಂದ ಕಾಣೂದಿಲ್ಲ?” ಎಂದು ನನ್ನನ್ನು ಕೇಳಿದರು. ನಾನು ಪೊರೆ ಇರಬೇಕು ಎಂದೆ. ಪೊರೆಯಲ್ಲ, ನರ ಒಣಗಿದೆ, ಇನ್ನು ತಿರುಗಿ ಬರುವುದಿಲ್ಲ ಎಂದರು. ಅವ್ವ ನನ್ನ ಕಡೆ ಮುಖ ಮಾಡಲಿಲ್ಲ. ಸಿಕ್ಕಿಬಿದ್ದ ಮಗುವಿನಂತೆ ಸೆರಗಿನ ತುದಿ ತಿರುವುತ್ತ ಕುಳಿತಿದ್ದಳು. ಅವತ್ತು ನನಗಾದ ನಾಚಿಕೆಗೆ ಇವತ್ತಿಗೂ ಹೆಸರಿಟ್ಟಿಲ್ಲ.

ನಾಚಿಕೆಯಾದ ಮನುಷ್ಯ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಬೇರೊಬ್ಬರ ಮೇಲೆ ಸಿಟ್ಟಾದೆ. ಅವ್ವನಿಗೆ ಹೊರಸು ಹಾಕಿಸಿ, ಅವಳನ್ನು ಅಡುಗೆಮನೆಗೆ ಬಿಡಕೂಡದು ಎಂದು ಹೆಂಡತಿಗೂ ತಾಕೀತು ಮಾಡಿ, ಮರುದಿನವೇ ದೊಡವಾಡದ ಬಸ್ಸು ಹತ್ತಿದೆ. ಕಾಕಾ ಕಟ್ಟೆಯ ಮೇಲೆ ಕುಳಿತು ಅಚ್ಚು ಕೆತ್ತುತ್ತಿದ್ದರು.

“ಗೊತ್ತಿತ್ತೇನು ನಿಮಗ?” ಎಂದೆ.

“ಗೊತ್ತಿತ್ರಿ.”

“ಗೊತ್ತಿದ್ದು ನನಗ ಯಾಕ ಹೇಳಲಿಲ್ಲ?”

“ಅವ್ವಾರು ಬಾಯಿಲೆ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ರು. ಬಾಯಿಲೆ ಹೇಳಲಿಲ್ಲ. ಇಟ್ಟಂಗೀಲೆ ಹೇಳಿದ್ನೆಲ್ರಿ ಸರ, ಮನಿ ತುಂಬ.”

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕಾಕಾ ಒಳಗಿನಿಂದ ನೀರು ತಂದುಕೊಟ್ಟು, ನಾನು ಕುಡಿದ ಮೇಲೆ ಕೇಳಿದರು: “ಅಡಗಿ ಮನಿ ಬಿಡಿಸಿದ್ರೇನು?”

“ಮತ್ತೇನ ಮಾಡಲಿ? ನಾಳೆ ಬೆಂಕಿ ಮ್ಯಾಲ ಬಿದ್ರ?”

“ಅವ್ವಾರು ಬೆಂಕಿ ಮ್ಯಾಲ ಬಿದ್ದಿಲ್ರಿ, ಮೂಲಿಗೆ ಬಡಕೊಂಡಾರ. ತಪ್ಪ ಮೂಲೀದು. ಅದನ್ನ ಬಿಡಸೂಣು, ಅವರನ್ನ ಬಿಡಸಬ್ಯಾಡ್ರಿ.”

ಮಾರನೆಯ ದಿನ ಕಾಕಾ ಚೀಲದ ತುಂಬ ಗೋದಲಿ ಇಟ್ಟಂಗಿ ಹೊತ್ತು ಬಂದರು. ಉಳಿ ಇಟ್ಟು ಮೊದಲ ಏಟು ಹಾಕುವಷ್ಟರಲ್ಲಿ ಹೊರಸಿನ ಮೇಲಿಂದ ಅವ್ವ ಕೂಗಿದಳು: “ಯಣ್ಣಾ, ನಿಂದರು. ಅದನ್ನ ಒಡೀಬ್ಯಾಡ.”

ತಲೆಗೆ ಪಟ್ಟಿ ಕಟ್ಟಿಕೊಂಡೇ ಎದ್ದು, ಗೋಡೆಯ ಪಟ್ಟಿ ಹಿಡಿದು ಬಂದು, ಆ ಮೂಲೆಯ ಮೇಲೆ ಅಂಗೈ ಇಟ್ಟಳು.

“ಉಳದವೆಲ್ಲಾ ದುಂಡಗ, ಒಂದ ನಮೂನಿ. ಒಂದೊಂದ ಸಲ ಯಾವ ಮೂಲಿಗೆ ಬಂದೀನಿ ಅನ್ನೂದ ತಪ್ಪತೈತಿ. ಇದೊಂದು ಚೂಪ ಐತಲ್ಲ, ಕೈಗೆ ಹತ್ತಿದ ಕೂಡಲೆ ಅಡಗಿ ಮನಿ ಬಂತು ಅಂತ ತಿಳೀತೈತಿ. ನನ್ನ ಮಗಾ ತಿಳೀದ ಮಾಡಿದ್ರೂ ಒಂದ ಛಲೋ ಕೆಲಸ ಮಾಡ್ಯಾನ.”

ಕಾಕಾ ಉಳಿ ಕೆಳಗಿಟ್ಟರು. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಎಲ್ಲ ಮೈಗಳನ್ನೂ ಲೆಕ್ಕ ಹಿಡಿದು ಇಟ್ಟಂಗಿ ಆರಿಸುತ್ತಿದ್ದ ಮನುಷ್ಯ, “ಇದು ನನಗೂ ಹೊಳೀಲಿಲ್ರಿ ಯವ್ವಾ” ಎಂದು ಮನಸಾರೆ ನಕ್ಕರು. ಅವ್ವ ನಗಲಿಲ್ಲ. ನಾನು ನಿಂತಿದ್ದ ಕಡೆ ಸರಿಯಾಗಿ ಮುಖ ತಿರುಗಿಸಿ, “ಮೂಲೀನ ಬಿಟ್ರ ನನ್ನನ್ನೂ ಬಿಡ್ರಿ. ರೊಟ್ಟಿ ಬಡ್ಯಾಕ ಕಣ್ಣ ಬೇಕಾಗೂದಿಲ್ಲ” ಎಂದಳು.

ಮೊದಲು ಕದಲಿದವಳು ನನ್ನ ಹೆಂಡತಿ. ಒಳಗೆ ಹೋಗಿ ಹಿಟ್ಟಿನ ಪರಾತವನ್ನು ಒಲೆಯ ಮುಂದಿಟ್ಟು, “ಬರ್ರಿ ಅತ್ತಿ, ಕಾಕಾರಿಗೆ ರೊಟ್ಟಿ ಆಗಬೇಕು” ಎಂದಳು. ಅವತ್ತು ಕಾಕಾ ಆರು ರೊಟ್ಟಿ ತಿಂದರು. ನಾನೂ ಪಕ್ಕದಲ್ಲೇ ಕುಳಿತು ತಿಂದೆ, ತಗ್ಗಿಸಿದ ತಲೆ ಎತ್ತದೆ.

ಆಮೇಲೂ ಕಾಕಾ ಬೈಲಹೊಂಗಲಕ್ಕೆ ಬಂದರೆ ನಮ್ಮ ಮನೆಗೆ ಹಾಯುತ್ತಿದ್ದರು. ಹೊಸದಾಗಿ ಮಾಡಿಸಿದ ಇಟ್ಟಂಗಿಯನ್ನು ಅವ್ವನ ಕೈಗೆ ಕೊಟ್ಟು, “ಇದು ಎಲ್ಲೀದು ಹೇಳ್ರಿ?” ಎನ್ನುವುದು ಅವರಿಬ್ಬರ ಆಟ. ಸವದತ್ತಿಯ ಬೇಕರಿಯ ಒಲೆಗೆಂದು ಮಾಡಿಸಿದ ಕಮಾನಿನ ಇಟ್ಟಂಗಿಯನ್ನು ಅವ್ವ ಸವರಿ, “ಇದರ ಮುಂದ ಬೆಂಕಿ ಇರತೈತಿ” ಎಂದಾಗ ಕಾಕಾ ಬೆರಗಾಗಿ ನನ್ನ ಮುಖ ನೋಡಿದ್ದರು. ಎರಡು ಸಾವಿರದ ಆಚೆ ಎಲ್ಲ ಕಡೆ ಸಿಮೆಂಟ್ ಬ್ಲಾಕ್ ಬಂದವು. ಒಂದೇ ಅಳತೆ, ಒಂದೇ ಬಣ್ಣ. ಯಾರ ಮೈ ತಾಗುತ್ತದೆ ಎಂದು ಕೇಳುವ ಗೌಂಡಿಗೆ ಕಾಯುವಷ್ಟು ವ್ಯವಧಾನ ಜನಕ್ಕೂ ಉಳಿಯಲಿಲ್ಲ. ಒಂದು ಬ್ಲಾಕನ್ನು ಬೆರಳ ಗೆಣ್ಣಿನಿಂದ ಬಡಿದು, “ಇದು ಮಾತಾಡೂದಿಲ್ರಿ ಸರ” ಎಂದಿದ್ದರು ಕಾಕಾ. ಕೊನೆಯ ಸಲ ಕಿತ್ತೂರಿನ ಕಡೆಯಿಂದ ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೆಗಲ ಚೀಲ ಹಗುರವಾಗಿತ್ತು. ಒಳಗೆ ಒಂದೇ ಇಟ್ಟಂಗಿ. ಯಾವುದೆಂದು ನಾನು ಕೇಳಲಿಲ್ಲ, ಅವರೇ ತೆಗೆದು ತೋರಿಸಿದರು. ಗೋದಲಿಯದು.

ಅವ್ವ ಆ ಮೂಲೆ ಹಿಡಿದು ಹನ್ನೊಂದು ವರ್ಷ ಅಡುಗೆಮನೆಗೆ ಹೋಗಿ ಬಂದಳು. ತೀರಿಕೊಂಡ ಹಿಂದಿನ ವಾರದ ತನಕ ರೊಟ್ಟಿ ಬಡಿದಳು. ಅವಳ ಮುಂದೆ ಯಾರೂ ತಾಟು ತಂದಿಡಲಿಲ್ಲ.

ಬಣ್ಣದವನ ಚಹಾ ಮುಗಿದಿತ್ತು. ಪುಟ್ಟಿಯ ಡಬ್ಬಿ ತೆರೆದು ಕುಳಿತಿದ್ದ. ನಾನು ಅವ್ವನ ಕೋಣೆಯ ಬಾಗಿಲಿಗೆ ಹೋಗಿ ನಿಂತು ಕಣ್ಣು ಮುಚ್ಚಿದೆ. ಪಟ್ಟಿಯ ಮೇಲೆ ಕೈಯಿಟ್ಟು ನಡೆದೆ. ಒಂದು ದುಂಡು ಮೂಲೆ ದಾಟಿತು, ಇನ್ನೊಂದು ದಾಟಿತು. ಆಮೇಲೆ ನನ್ನ ಅಂಗೈ ಆ ಸವೆದ ಜಾಗಕ್ಕೆ ಬಂದು ಕುಳಿತುಕೊಂಡಿತು. ಗಿಲಾವು ಸವೆದು ಒಳಗಿನ ಇಟ್ಟಂಗಿ ಕೈಗೆ ತಾಗಿತು. ಅದರ ಅಂಚೂ ನುಣ್ಣಗಾಗಿತ್ತು. ಕಣ್ಣು ತೆರೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ಇದನ್ನ ಮುಟ್ಟಬ್ಯಾಡ” ಎಂದೆ.

“ಯಾಕ್ರಿ? ಇದೂ ಕಾಕಾ ಮಾಡಿದ್ದೇನ್ರಿ?”

“ಕಾಕಾ ದುಂಡಗ ಮಾಡಿದ್ರು, ನಾ ಬಿಡಿಸಿ ಚೂಪ ಮಾಡಿಸಿದ್ನಿ. ನಮ್ಮವ್ವ ದಿನಾ ಕೈಯಾಡಿಸಿ ಮತ್ತ ದುಂಡಗ ಮಾಡ್ಯಾಳ.”